ಮದುವೆ ವಿಸಿಡಿ 50ನೇ ನಿಮಿಷಕ್ಕೆ ನಿಲ್ಲುತ್ತಿದೆ, ಟೂತ್‌ಪೇಸ್ಟ್ ಹಚ್ಚಬಹುದೇ?

ಮಲೆನಾಡಮಳೆ:
ನಮಸ್ಕಾರ. ಮೂರು ಡಿಸ್ಕ್ ಬಗ್ಗೆ ಸಲಹೆ ಬೇಕು. 2002ರ ಮದುವೆ ವಿಸಿಡಿ 50ನೇ ನಿಮಿಷದ ಹತ್ತಿರ ಚೌಕಚೌಕವಾಗಿ ಒಡೆದು ನಿಲ್ಲುತ್ತದೆ, ಹೊಳೆಯುವ ಬದಿ ತುಂಬ ಗೀರು. 2009ರ ನಾಮಕರಣದ ಡಿವಿಡಿ-ಆರ್‌ಗೆ ಗೀರಿಲ್ಲ, ತೆಳ್ಳಗೆ ಬೂಷ್ಟು ಹಿಡಿದಿದೆ. ಯುಎಸ್‌ಬಿ ಡ್ರೈವ್‌ಗೆ ಹಾಕಿದರೆ ಡಿಸ್ಕೇ ಇಲ್ಲ ಅನ್ನುತ್ತದೆ. ಮೂರನೆಯದು ಫೋಟೋ ಸಿಡಿ, ಲೇಬಲ್ ಕಡೆ ಬೆಳ್ಳಿ ಪದರ ಎದ್ದು ಸಾಸಿವೆಯಷ್ಟು ಎರಡು ತೂತು. ಟೂತ್‌ಪೇಸ್ಟ್, ಬಾಳೆಹಣ್ಣು, ಫ್ರೀಜರ್ ಅಂತ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದು ನಿಜಕ್ಕೂ ಕೆಲಸ ಮಾಡುತ್ತೆ?

ಹಳೇಡೆಕ್ಕು:
ಫ್ರೀಜರ್ ಬಿಟ್ಟುಬಿಡಿ, ಗೀರಿಗೂ ಚಳಿಗೂ ಸಂಬಂಧವಿಲ್ಲ. ಹೊರಗೆ ತೆಗೆದಾಗ ಬೆವರು ಕೂರುವುದಷ್ಟೇ ಲಾಭ. ಬಾಳೆಹಣ್ಣೂ ಬೇಡ, ಅದರ ಸಕ್ಕರೆ ಉಳಿದರೆ ಬೂಷ್ಟಿಗೆ ಊಟ ಹಾಕಿದ ಹಾಗೆ. ಟೂತ್‌ಪೇಸ್ಟ್ ಮಾತ್ರ ನಿಜ, ಆದರೆ ಬಿಳಿ ಪೇಸ್ಟ್ ಆಗಬೇಕು, ಜೆಲ್ ಬೇಡ.

ಮೊದಲು ಗೀರಿನ ಮೇಲೆ ಉಗುರು ಅಡ್ಡ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಪೇಸ್ಟಿನಿಂದ ಹೋಗುವ ಗೀರಲ್ಲ. ಸಿಕ್ಕದಿದ್ದರೆ ಡಿಸ್ಕನ್ನು ಉಗುರುಬೆಚ್ಚಗಿನ ನೀರಲ್ಲಿ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ಮೇಜಿನ ಮೇಲೆ ಶುದ್ಧ ಬಟ್ಟೆ ಹಾಸಿ, ಲೇಬಲ್ ಕೆಳಗೆ ಮಾಡಿ ಇಡಿ. ಬಟ್ಟೆಯಲ್ಲಿ ಒಂದು ಮರಳಿನ ಕಣ ಇದ್ದರೂ ಲೇಬಲ್ ಹರಿಯುತ್ತದೆ. ಕಡಲೆಕಾಳಿನಷ್ಟು ಪೇಸ್ಟ್, ಒದ್ದೆ ಮಾಡಿ ಹಿಂಡಿದ ಹಳೇ ಬನಿಯನ್ ಬಟ್ಟೆ. ನಡುವಿನ ತೂತಿನಿಂದ ಅಂಚಿಗೆ ನೇರವಾಗಿ ಐದು ನಿಮಿಷ ಉಜ್ಜಿ, ಸುತ್ತ ತಿರುಗಿಸಿ ಉಜ್ಜಬೇಡಿ. ದತ್ತಾಂಶ ಬರೆದಿರುವ ಗೆರೆ, ಅಂದರೆ ಟ್ರ್ಯಾಕ್, ಸುರುಳಿಯಾಗಿ ಓಡುವುದರಿಂದ ಅದರ ಜೊತೆಗೇ ಓಡುವ ಗೀರು ಸಾಲಾಗಿ ತುಂಬ ದತ್ತಾಂಶ ಮುಚ್ಚುತ್ತದೆ. ಅಡ್ಡಗೀರು ಪ್ರತಿ ಸುತ್ತಲ್ಲಿ ಚೂರೇ ಮುಚ್ಚುವುದರಿಂದ ಡ್ರೈವ್‌ನ ದೋಷ ಸರಿಪಡಿಸುವ ಲೆಕ್ಕಾಚಾರ ಅದನ್ನು ತುಂಬಿಕೊಳ್ಳುತ್ತದೆ.

ಉಜ್ಜಿದ ಮೇಲೆ ಸಣ್ಣ ಮಂಜು ಉಳಿದರೆ ಗಾಬರಿ ಬೇಡ. ಸಿಡಿಯ ಮೇಲ್ಮೈಯಲ್ಲಿ ಲೇಸರ್ ಕಿರಣ ಇನ್ನೂ ಸುಮಾರು 0.8 ಮಿ.ಮೀ. ಅಗಲ ಇರುತ್ತದೆ, 1.2 ಮಿ.ಮೀ. ಪ್ಲಾಸ್ಟಿಕ್ ದಾಟಿದ ಮೇಲೆ ಚುಕ್ಕೆಯಾಗುತ್ತದೆ. ಕೂದಲೆಳೆಯ ಗೆರೆಗಳು ಅದಕ್ಕೆ ಲೆಕ್ಕಕ್ಕಿಲ್ಲ.

ಬೆಸುಗೆಕಡ್ಡಿ:
ಮೇಲಿನವರು ಹೇಳಿದ್ದು ಸರಿ, ಆದರೆ ಅನುಕ್ರಮ ಬದಲಿಸಿ. ತೊಳೆದ ತಕ್ಷಣ ಬರುವಷ್ಟನ್ನು ಕಾಪಿ ಮಾಡಿಕೊಳ್ಳಿ, ಪೇಸ್ಟ್ ಆಮೇಲೆ. ಪಾಲಿಶ್ ಅಂದರೆ ಪ್ಲಾಸ್ಟಿಕ್ ಸವೆಸುವುದು, ಕೈ ತಪ್ಪಿದರೆ ಈಗ ಓದುತ್ತಿರುವ ಭಾಗವೂ ಹೋಗುತ್ತದೆ.

ಇಡೀ ಡಿಸ್ಕ್ ಉಜ್ಜುವುದೂ ಬೇಡ. ಸಿಡಿ ಒಳಗಿನಿಂದ ಹೊರಕ್ಕೆ ಓದುತ್ತದೆ. ದತ್ತಾಂಶ ನಟ್ಟನಡುವಿನಿಂದ 25 ಮಿ.ಮೀ.ಗೆ ಶುರುವಾಗಿ 58 ಮಿ.ಮೀ.ಗೆ ಮುಗಿಯುತ್ತದೆ, ಹೊರಗೆ ಹೋದಂತೆ ಒಂದೊಂದು ಸುತ್ತಿನಲ್ಲಿ ಹೆಚ್ಚು ಹಿಡಿಸುತ್ತದೆ. ಆ ಲೆಕ್ಕದಲ್ಲಿ 74 ನಿಮಿಷದ ಡಿಸ್ಕಿನಲ್ಲಿ 50ನೇ ನಿಮಿಷ ಹೊರ ಅಂಚಿನಿಂದ ಸುಮಾರು 1 ಸೆಂ.ಮೀ. ಒಳಗೆ ಬರುತ್ತದೆ, 80 ನಿಮಿಷದ್ದಾದರೆ 1.2 ಸೆಂ.ಮೀ. ಸ್ಕೇಲ್ ಇಟ್ಟು ಅಳೆಯಿರಿ. ಅಲ್ಲಿ ಇರುವ ಗೀರೇ ನಿಮ್ಮ ಕಳ್ಳ, ಉಳಿದವನ್ನು ಮುಟ್ಟಬೇಡಿ.

ವಿಸಿಡಿಯ ವಿಡಿಯೋ ಭಾಗದಲ್ಲಿ ಸಾಮಾನ್ಯ ಡೇಟಾ ಸಿಡಿಗೆ ಇರುವ ಹೆಚ್ಚುವರಿ ದೋಷನಿವಾರಣೆ ಪದರ ಇಲ್ಲ, ಆ ಜಾಗಕ್ಕೂ ಚಿತ್ರವನ್ನೇ ತುಂಬಿರುತ್ತಾರೆ. ಅದಕ್ಕೇ ಕಾಪಿ ಮಾಡುವಾಗ ವಿಂಡೋಸ್ ಒಂದು ಕೆಟ್ಟ ಸೆಕ್ಟರ್‌ಗೇ (ದತ್ತಾಂಶದ ಒಂದು ತುಣುಕಿಗೇ) ಸಿಆರ್‌ಸಿ ದೋಷ, ಅಂದರೆ ಓದಿದ್ದು ತಾಳೆಯಾಗುತ್ತಿಲ್ಲ, ಅಂತ ಕೈಚೆಲ್ಲುತ್ತದೆ. ಕೆಟ್ಟ ಡಿಸ್ಕಿನಿಂದ ಫೈಲ್ ಎತ್ತುವ ಐಸೋಬಸ್ಟರ್ ಅನ್ನುವ ವಿಂಡೋಸ್ ಪ್ರೋಗ್ರಾಂನಲ್ಲಿ ತೆರೆದು ವಿಡಿಯೋ ಟ್ರ್ಯಾಕ್ ಹೊರತೆಗೆಯಿರಿ, ಕೆಟ್ಟ ಸೆಕ್ಟರ್ ಬಂದಾಗ ಬಿಟ್ಟು ಮುಂದೆ ಹೋಗು ಅನ್ನಿ. ಚಿತ್ರ ಒಂದೆರಡು ಕಡೆ ಮಿಣುಕಬಹುದು, ಮುಂದಿನದೆಲ್ಲ ಸಿಗುತ್ತದೆ.

ಹಳೇಡೆಕ್ಕು:
ಒಪ್ಪಿದೆ, ಕಾಪಿ ಮೊದಲು. ಇನ್ನೊಂದು ಮಾತು: ಉಗುರಿಗೆ ಸಿಕ್ಕುವ ಗೀರಿಗೆ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಸವರಿ, ಒಳಗಿನಿಂದ ಹೊರಕ್ಕೆ ಒರೆಸಿ ತೆಗೆಯಿರಿ. ಗೀರಿನೊಳಗೆ ಉಳಿದ ಜೆಲ್ಲಿ ಬೆಳಕು ಚದುರುವುದನ್ನು ಕಡಿಮೆ ಮಾಡುತ್ತದೆ. ಅದು ಒಂದು ಸಲ ಕಾಪಿ ಮಾಡಿಕೊಳ್ಳುವುದಕ್ಕೆ ಮಾತ್ರ. ಹೆಚ್ಚಾದರೆ ತಿರುಗುವಾಗ ಸಿಡಿದು ಲೆನ್ಸ್ ಮೇಲೆ ಕೂರುತ್ತದೆ. ಥಿನ್ನರ್, ಪೆಟ್ರೋಲ್, ನೇಲ್‌ಪಾಲಿಶ್ ರಿಮೂವರ್ ಹತ್ತಿರಕ್ಕೂ ತರಬೇಡಿ, ಪ್ಲಾಸ್ಟಿಕ್ ಹಾಲಿನ ಹಾಗೆ ಬೆಳ್ಳಗಾಗಿ ಬಿರಿಯುತ್ತದೆ.

ಮಲೆನಾಡಮಳೆ:
ತುಂಬ ಉಪಕಾರವಾಯ್ತು. ಫೋಟೋ ಸಿಡಿಯ ತೂತಿನ ಮೇಲೆ ಸೆಲ್ಲೋಟೇಪ್ ಹಾಕಿದರೆ ಪದರ ಏಳುವುದು ನಿಲ್ಲುತ್ತಾ? ಡಿವಿಡಿಗೆ ಏನು ಮಾಡಲಿ?

ಬೆಸುಗೆಕಡ್ಡಿ:
ಟೇಪ್ ಖಂಡಿತ ಬೇಡ. ಸಿಡಿಯಲ್ಲಿ ದತ್ತಾಂಶ ಇರುವುದು ಲೇಬಲ್ಲಿನ ಕೆಳಗೇ, ನಡುವೆ ಅರಗಿನ ತೆಳು ಪದರವಷ್ಟೇ ಅಡ್ಡ. ಟೇಪ್ ಕಿತ್ತರೆ ಬೆಳ್ಳಿಯೂ ಕಿತ್ತು ಬರುತ್ತದೆ, ಹಾಗೇ ಬಿಟ್ಟರೆ ತಿರುಗುವಾಗ ತೂಕ ತಪ್ಪುತ್ತದೆ. ತೂತಿನ ಜಾಗದ್ದು ಯಾವ ಪಾಲಿಶ್‌ಗೂ ವಾಪಸ್ ಬರುವುದಿಲ್ಲ. ಆದರೆ ಆಸೆ ಬಿಡಬೇಡಿ: ಟ್ರ್ಯಾಕ್ ಉದ್ದಕ್ಕೆ ಸುಮಾರು 2.5 ಮಿ.ಮೀ. ಕಾಣೆಯಾದರೂ ತುಂಬಿಕೊಳ್ಳುವ ಶಕ್ತಿ ಸಿಡಿಯ ವಿನ್ಯಾಸದಲ್ಲೇ ಇದೆ. ಸಾಸಿವೆ ಗಾತ್ರ ಅದರ ಮಿತಿಯೊಳಗೇ ಬರುತ್ತದೆ. ತೊಳೆಯಬೇಡಿ, ನೀರು ಪದರದಡಿ ನುಗ್ಗುತ್ತದೆ. ಡ್ರೈವ್ ಓದುವ ವೇಗ 4ಎಕ್ಸ್‌ಗೆ (ಸಾಮಾನ್ಯ ವೇಗದ ನಾಲ್ಕು ಪಟ್ಟಿಗೆ) ಇಳಿಸಿ, ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅನ್ನುವ ದತ್ತಾಂಶ ಎತ್ತುವ ಪ್ರೋಗ್ರಾಂ ಓಡಿಸಿ, ಬ್ಲಾಕ್ ಗಾತ್ರ 2048 ಕೊಡಿ. ಮೊದಲ ಸುತ್ತಲ್ಲಿ ಸುಲಭದ್ದನ್ನೆಲ್ಲ ಎತ್ತಿಕೊಳ್ಳಲಿ, ಆಮೇಲೆ ಮರುಯತ್ನ 3. ಎಲ್ಲಿಯವರೆಗೆ ಓದಿದೆ ಅಂತ ಅದು ಬರೆದಿಡುವ ಮ್ಯಾಪ್ ಫೈಲ್ ಉಳಿಸಿಕೊಂಡರೆ ಅದೇ ಸಿಡಿಯನ್ನು ಬೇರೆ ಡ್ರೈವ್‌ಗೆ ಹಾಕಿ, ಬಾಕಿ ಉಳಿದದ್ದನ್ನಷ್ಟೇ ಓದಿಸಬಹುದು. ಡ್ರೈವ್‌ನಿಂದ ಡ್ರೈವ್‌ಗೆ ಓದುವ ಸಾಮರ್ಥ್ಯ ಬಹಳ ಬೇರೆ.

ಡಿವಿಡಿ ಎಂದರೆ 0.6 ಮಿ.ಮೀ.ಯ ಎರಡು ಬಿಲ್ಲೆ ಅಂಟಿಸಿದ್ದು, ದತ್ತಾಂಶ ನಡುವೆ ಇರುತ್ತದೆ, ಹಾಗಾಗಿ ಲೇಬಲ್ ಕಡೆಯ ಭಯ ಕಡಿಮೆ. ಬೂಷ್ಟನ್ನು ಸೋಪು ನೀರಲ್ಲಿ ತೊಳೆದು, ಉಳಿದದ್ದನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹತ್ತಿಯಲ್ಲಿ ಒರೆಸಿ. ನಡುವಿನ ತೂತಿನ ಸುತ್ತಲಿನ ಉಂಗುರವನ್ನು ವಿಶೇಷವಾಗಿ ನೋಡಿ. ಡಿಸ್ಕನ್ನು ಗುರುತಿಸುವ ಮಾಹಿತಿ ಅಲ್ಲೇ ಶುರುವಾಗುವುದು, ಅದು ಮಸುಕಾದರೆ ಉಳಿದದ್ದೆಲ್ಲ ಶುದ್ಧವಿದ್ದರೂ ಡಿಸ್ಕ್ ಇಲ್ಲ ಅನ್ನುತ್ತದೆ. ಆಮೇಲೂ ಬರದಿದ್ದರೆ ಡ್ರೈವ್‌ಗೆ ಕರೆಂಟ್ ಸಾಲುತ್ತಿಲ್ಲವೇ ನೋಡಿ: ಹಬ್ ತೆಗೆದು ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ, ಅಥವಾ ಒಂದು ತುದಿಯಲ್ಲಿ ಎರಡು ಯುಎಸ್‌ಬಿ ಪ್ಲಗ್ ಇರುವ ಕೇಬಲ್ ಬಳಸಿ. ರೆಕಾರ್ಡ್ ಮಾಡಿದವರು ಫೈನಲೈಸ್ (ಬೇರೆ ಡ್ರೈವ್‌ಗಳೂ ಓದುವಂತೆ ಡಿಸ್ಕನ್ನು ಮುಗಿಸುವ ಕೊನೆಯ ಹಂತ) ಮಾಡದೆ ಬಿಟ್ಟಿದ್ದರೂ ಇದೇ ಲಕ್ಷಣ, ಆಗಲೂ ಐಸೋಬಸ್ಟರ್ ಒಳಗಿನದ್ದನ್ನು ಹುಡುಕಿಕೊಡಬಲ್ಲದು. ನಡುವಿನ ತೂತಿನಿಂದ ಸಣ್ಣ ಬಿರುಕು ಹೊರಟಿರುವ ಡಿಸ್ಕ್ ಕಂಡರೆ ಮಾತ್ರ ಯಾವ ಡ್ರೈವ್‌ಗೂ ಹಾಕಬೇಡಿ, ಪೂರ್ಣ ವೇಗದಲ್ಲಿ ಅದು ಚೂರುಚೂರಾಗಿ ಡ್ರೈವ್ ಜೊತೆಗೇ ಹೋಗುತ್ತದೆ.