ಅಫೀಮನ್ನು ಹರಾಜಿನಲ್ಲಿ ಮಾರಿದ ಸರ್ಕಾರ ಅದನ್ನೇ ನಿಷೇಧಿಸುವ ಹಂತಕ್ಕೆ ಬಂದದ್ದು ಹೇಗೆ?

ಪ್ರಶ್ನೆ — ಕಡತಪ್ರಿಯ

ಈಸ್ಟ್ ಇಂಡಿಯಾ ಕಂಪನಿಯ ಆದಾಯದ ಬಗ್ಗೆ ಓದುವಾಗ ಒಂದು ವಿರೋಧಾಭಾಸ ನನ್ನನ್ನು ಕಾಡುತ್ತಿದೆ. 1773ರಲ್ಲಿ ವಾರನ್ ಹೇಸ್ಟಿಂಗ್ಸ್ ಬಂಗಾಳ ಮತ್ತು ಬಿಹಾರದ ಅಫೀಮನ್ನು ಕಂಪನಿಯ ಏಕಸ್ವಾಮ್ಯಕ್ಕೆ ಒಳಪಡಿಸಿದನಂತೆ. ಆ ಬಳಿಕ ಶತಮಾನಕ್ಕೂ ಹೆಚ್ಚು ಕಾಲ ಆಳುವವರೇ ಅದನ್ನು ಬೆಳೆಸಿ, ಸಂಸ್ಕರಿಸಿ, ಮಾರಿದರು. ಅದೇ ನೆಲದಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ (ಮಾದಕ ದ್ರವ್ಯ ಮತ್ತು ಮನೋಪರಿಣಾಮಕ ವಸ್ತುಗಳ ಕಾಯ್ದೆ) ಹತ್ತು ವರ್ಷಗಳ ಕನಿಷ್ಠ ಶಿಕ್ಷೆಯವರೆಗೆ ಹೋಯಿತು. ಈ ಬದಲಾವಣೆಗೆ ಕಾರಣ ಜನರ ಆರೋಗ್ಯದ ಕಾಳಜಿಯೇ, ಅಂತರರಾಷ್ಟ್ರೀಯ ಒತ್ತಡವೇ? ಗುಪ್ತಚರ ಸಂಸ್ಥೆಗಳೇ ಮಾದಕ ವಸ್ತುಗಳ ವ್ಯಾಪಾರಕ್ಕೆ ನೆರವಾದವು ಎಂಬ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನೂ ಬಲ್ಲವರು ತಿಳಿಸಬೇಕಾಗಿ ಕೋರುತ್ತೇನೆ.

ಉತ್ತರ — ಹಳೆಯ ದಫ್ತರ

ತಮ್ಮ ಪ್ರಶ್ನೆಯ ಬುನಾದಿಯನ್ನೇ ಸ್ವಲ್ಪ ಅಲುಗಾಡಿಸಬೇಕಾಗಿದೆ. ಸರ್ಕಾರ ಅಫೀಮಿನಿಂದ ಹೊರಬಂದೇ ಇಲ್ಲ. ಗಾಜೀಪುರ ಮತ್ತು ನೀಮಚ್‌ಗಳಲ್ಲಿ ಕೇಂದ್ರ ಸರ್ಕಾರದ ಅಫೀಮು ಕಾರ್ಖಾನೆಗಳಿವೆ. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳ ಗೊತ್ತುಪಡಿಸಿದ ಪ್ರದೇಶಗಳಲ್ಲಿ ರೈತರು ಪರವಾನಗಿ ಪಡೆದು ಗಸಗಸೆ ಗಿಡ ಬೆಳೆಯುತ್ತಾರೆ.

ಕಂಪನಿಯ ಪದ್ಧತಿಯನ್ನು ಹತ್ತಿರದಿಂದ ನೋಡಿದರೆ ಇಂದಿನ ಕಾನೂನಿನ ಚಹರೆ ಅಲ್ಲೇ ಕಾಣುತ್ತದೆ. ಬೆಳೆಗಾರನಿಗೆ ಮುಂಗಡ ಕೊಡಲಾಗುತ್ತಿತ್ತು, ಬೆಲೆಯನ್ನು ಕಂಪನಿಯ ಅಫೀಮು ಕಚೇರಿಯಾದ ಏಜೆನ್ಸಿಯೇ ನಿಗದಿ ಮಾಡುತ್ತಿತ್ತು, ಕಾಯಿಗೆ ಗೀರು ಹಾಕಿ ಕೆರೆದು ತೆಗೆದ ಅಂಟನ್ನೆಲ್ಲ ಏಜೆನ್ಸಿಗೇ ಒಪ್ಪಿಸಬೇಕಾಗಿತ್ತು. ಪಟ್ನಾ ಮತ್ತು ಗಾಜೀಪುರದ ಕಾರ್ಖಾನೆಗಳಲ್ಲಿ ಅದನ್ನು ಉಂಡೆ ಕಟ್ಟಿ, ಗಸಗಸೆ ಹೂವಿನ ಒಣ ದಳಗಳನ್ನೇ ಪದರ ಪದರವಾಗಿ ಅಂಟಿಸಿ ಹೊದಿಕೆ ಮಾಡಿ, ನಲವತ್ತು ಉಂಡೆಗಳಿಗೆ ಒಂದರಂತೆ ಪೆಟ್ಟಿಗೆಗಳಲ್ಲಿ ತುಂಬಿ ಕಲ್ಕತ್ತೆಯ ಹರಾಜಿಗೆ ಕಳುಹಿಸುತ್ತಿದ್ದರು. ಹರಾಜಿನ ಸುತ್ತಿಗೆ ಬಿದ್ದ ಮೇಲೆ ಸರಕು ಎಲ್ಲಿಗೆ ಹೋಯಿತೆಂಬುದು ತನಗೆ ಸಂಬಂಧಿಸಿದ್ದಲ್ಲ ಎಂಬುದು ಕಂಪನಿಯ ನಿಲುವು. ಚೀನಾದ ಚಹಾ ವ್ಯಾಪಾರಕ್ಕೆ ಧಕ್ಕೆ ಬರಬಾರದೆಂದು ತನ್ನ ಹಡಗುಗಳಲ್ಲಿ ಅಫೀಮು ಸಾಗಿಸದೆ ಖಾಸಗಿ ವರ್ತಕರ ಹಡಗುಗಳಿಗೆ ಬಿಟ್ಟಿತ್ತು. ಚೀನಾದಲ್ಲಿ 1729ರಿಂದಲೇ ಅಫೀಮಿನ ವಿರುದ್ಧ ರಾಜಾಜ್ಞೆಗಳಿದ್ದವೆಂಬುದನ್ನು ನೆನೆದರೆ, ಇದು ಸರ್ಕಾರವೇ ದಾಖಲೆ ಇಟ್ಟು ನಡೆಸಿದ ಕಳ್ಳಸಾಗಣೆ ಎಂದೇ ನಾನು ಹೇಳುತ್ತೇನೆ. 1839ರಲ್ಲಿ ಚೀನಾದ ಅಧಿಕಾರಿ ಲಿನ್ ಝೆಶು 20,000ಕ್ಕೂ ಹೆಚ್ಚು ಪೆಟ್ಟಿಗೆಗಳನ್ನು ವಶಪಡಿಸಿಕೊಂಡು ಹುಮೆನ್‌ನಲ್ಲಿ ನಾಶಪಡಿಸಿದ. ಯುದ್ಧವಾಯಿತು, 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ಬ್ರಿಟಿಷರ ಪಾಲಾಯಿತು. ಆದರೂ ಆಮದಿಗೆ ಚೀನಾದಲ್ಲಿ ಕಾನೂನಿನ ಮುದ್ರೆ ಬಿದ್ದದ್ದು ಎರಡನೆಯ ಅಫೀಮು ಯುದ್ಧದ ನಡುವೆ, 1858ರಲ್ಲಿ.

ಇನ್ನು ನಿಷೇಧದ ಮಾತು. 1857 ಮತ್ತು 1878ರ ಅಫೀಮು ಕಾಯ್ದೆಗಳು ಪರವಾನಗಿಯಿಲ್ಲದೆ ಬೆಳೆಯುವುದನ್ನೂ ಮಾರುವುದನ್ನೂ ಅಪರಾಧವೆಂದವು. ಅಲ್ಲಿ ರಕ್ಷಣೆ ಸಿಕ್ಕಿದ್ದು ಬೊಕ್ಕಸಕ್ಕೆ, ವ್ಯಸನಿಗಲ್ಲ. 1985ರ ಕಾಯ್ದೆ ಈ ಎರಡನ್ನೂ 1930ರ ಅಪಾಯಕಾರಿ ಔಷಧಗಳ ಕಾಯ್ದೆಯನ್ನೂ ರದ್ದುಪಡಿಸಿತಾದರೂ ಚೌಕಟ್ಟನ್ನು ಉಳಿಸಿಕೊಂಡಿತು. ಪರವಾನಗಿ ಪಡೆದ ರೈತ ತನ್ನ ಅಫೀಮಿನಲ್ಲಿ ಒಂದಿಷ್ಟನ್ನು ಸರ್ಕಾರಕ್ಕೆ ಒಪ್ಪಿಸದೆ ಬೇರೆಡೆ ಸಾಗಿಸಿದರೆ 19ನೇ ಪ್ರಕರಣದ ಪ್ರಕಾರ ಹತ್ತರಿಂದ ಇಪ್ಪತ್ತು ವರ್ಷಗಳ ಕಠಿಣ ಸೆರೆವಾಸ. ಏಜೆನ್ಸಿಯ ಅಧಿಕಾರಿ ಇಂದು ಎದ್ದು ಬಂದು ಈ ಪ್ರಕರಣವನ್ನು ಓದಿದರೆ ಶಿಕ್ಷೆಯ ಪ್ರಮಾಣವೊಂದನ್ನು ಬಿಟ್ಟು ಬೇರಾವುದಕ್ಕೂ ಹುಬ್ಬೇರಿಸಲಾರ.

ಉತ್ತರ — ನಿಧಾನ ಓದುಗ

ಮೇಲಿನ ಉತ್ತರದ ವಿವರಗಳಿಗೆ ನನ್ನ ತಕರಾರಿಲ್ಲ, ನಿರ್ಣಯಕ್ಕೆ ಇದೆ. ಎಲ್ಲವನ್ನೂ ಬೊಕ್ಕಸದ ಲೆಕ್ಕಕ್ಕೆ ಹಾಕಿದರೆ, ಅಫೀಮಿನ ವಿರುದ್ಧ ಇಲ್ಲಿಯೇ ಎದ್ದ ದನಿ ಅಳಿಸಿಹೋಗುತ್ತದೆ. ದಾದಾಭಾಯಿ ನವರೋಜಿ ಈ ವ್ಯಾಪಾರವನ್ನು ಇಂಗ್ಲೆಂಡಿಗೆ ಅಂಟಿದ ಕಳಂಕವೆಂದು ಖಂಡಿಸಿದ್ದರು. ಅಸ್ಸಾಮಿನಲ್ಲಿ ಕಾಂಗ್ರೆಸ್ 1920ರ ದಶಕದಲ್ಲಿ ಅಫೀಮಿನ ಹಾವಳಿಯನ್ನು ಕುರಿತು ತಾನೇ ವಿಚಾರಣೆ ನಡೆಸಿತು. ಸಂವಿಧಾನದ 47ನೇ ವಿಧಿ, ಔಷಧೀಯ ಬಳಕೆಯನ್ನು ಬಿಟ್ಟು, ಆರೋಗ್ಯಕ್ಕೆ ಹಾನಿಕರವಾದ ಮಾದಕ ಪದಾರ್ಥಗಳ ಸೇವನೆಯನ್ನು ನಿಷೇಧಿಸಲು ರಾಜ್ಯ ಯತ್ನಿಸಬೇಕೆಂದು ಹೇಳುತ್ತದೆ. 1961ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಹತ್ತು ವರ್ಷಕ್ಕೂ ಮೊದಲಿನ ಮಾತಿದು.

ಅಂತರರಾಷ್ಟ್ರೀಯ ಒತ್ತಡ ಇರಲಿಲ್ಲವೆಂದು ನಾನು ಹೇಳುತ್ತಿಲ್ಲ. 1909ರ ಶಾಂಘೈ ಸಭೆ, 1912ರ ಹೇಗ್ ಒಡಂಬಡಿಕೆ, ಇವುಗಳ ಹಿಂದೆ ಅಮೆರಿಕದ ಒತ್ತಾಸೆ ಸ್ಪಷ್ಟವಾಗಿತ್ತು. 1961ರ ಒಡಂಬಡಿಕೆಯಂತೂ ಗಾಂಜಾದ ಔಷಧೇತರ ಬಳಕೆಯನ್ನು ಕೊನೆಗಾಣಿಸಲು, ಅದು ರೂಢಿಯಲ್ಲಿದ್ದ ದೇಶಗಳಿಗೆ, 25 ವರ್ಷಗಳ ಗಡುವು ಕೊಟ್ಟಿತು. 1985ರ ಕಾಯ್ದೆ ಬಂದದ್ದು ಆ ಗಡುವು ಮುಗಿಯುತ್ತಾ ಬಂದಾಗ.

ನನಗೆ ಹೆಚ್ಚು ಕುತೂಹಲ ಹುಟ್ಟಿಸುವುದು 1893–94ರ ಭಾರತೀಯ ಗಾಂಜಾ ಆಯೋಗ. ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ, ಹುಚ್ಚಾಸ್ಪತ್ರೆಗಳಲ್ಲಿ ‘ಗಾಂಜಾದಿಂದ ಹುಚ್ಚು’ ಎಂದು ದಾಖಲಾದ ಪ್ರಕರಣಗಳನ್ನು ಮರುಪರಿಶೀಲಿಸಿ, ಮಿತವಾದ ಸೇವನೆಯಿಂದ ಹೇಳಿಕೊಳ್ಳುವಂತಹ ಕೇಡಿಲ್ಲ, ಪೂರ್ಣ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯಿಂದ ಹತೋಟಿಯಲ್ಲಿಡಿ ಎಂದು ಅದು ಶಿಫಾರಸು ಮಾಡಿತು. ಈ ಶಿಫಾರಸು ಅಬಕಾರಿ ಆದಾಯಕ್ಕೆ ಅನುಕೂಲವಾಗಿತ್ತು ನಿಜ, ಆದರೆ ಅನುಕೂಲಕರವಾದದ್ದೆಲ್ಲ ಸುಳ್ಳಾಗಬೇಕಿಲ್ಲ. ಅಷ್ಟು ಶ್ರದ್ಧೆಯ ತನಿಖೆ 1985ರ ಕಾಯ್ದೆಗೆ ಮುನ್ನ ನಡೆಯಲಿಲ್ಲ. ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ ಎಂದು ವಿಂಗಡಿಸಿ ಶಿಕ್ಷೆಯನ್ನು ಅದಕ್ಕೆ ತಕ್ಕಂತೆ ಹೊಂದಿಸಲು 2001ರ ತಿದ್ದುಪಡಿಯವರೆಗೆ ಕಾಯಬೇಕಾಯಿತು.

ಮರುನುಡಿ — ಕಡತಪ್ರಿಯ

ಇಬ್ಬರಿಗೂ ಧನ್ಯವಾದಗಳು. 19ನೇ ಪ್ರಕರಣದ ವಿಷಯ ನನಗೆ ತಿಳಿದಿರಲಿಲ್ಲ. ಗುಪ್ತಚರ ಸಂಸ್ಥೆಗಳ ಪ್ರಶ್ನೆಗೆ ಇನ್ನೂ ಯಾರೂ ಉತ್ತರಿಸಿಲ್ಲ.

ಉತ್ತರ — ಸಾಕ್ಷ್ಯಾಧಾರ

ಈ ವಿಷಯದಲ್ಲಿ ಮೂರು ಬಗೆಯ ಮಾತುಗಳು ಕಲಸಿಹೋಗಿವೆ; ಬಿಡಿಸಿ ನೋಡುವುದು ಒಳಿತು. ಸಂಸ್ಥೆಯೇ ಮಾದಕ ವಸ್ತುವನ್ನು ಬಳಸಿದ್ದಕ್ಕೆ ದಾಖಲೆಯಿದೆ: 1953ರಲ್ಲಿ ಆರಂಭವಾದ ಎಂಕೆ-ಅಲ್ಟ್ರಾ ಯೋಜನೆಯಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ, ಅರಿವೇ ಇಲ್ಲದ ಜನರ ಮೇಲೂ ಭ್ರಮೆ ಹುಟ್ಟಿಸುವ ಎಲ್‌ಎಸ್‌ಡಿ ಪ್ರಯೋಗಿಸಿತು. 1973ರಲ್ಲಿ ಕಡತಗಳನ್ನು ನಾಶಪಡಿಸಲಾಯಿತಾದರೂ ಹಣಕಾಸಿನ ಕಾಗದಗಳು ಉಳಿದುಕೊಂಡದ್ದರಿಂದ 1977ರ ಸೆನೆಟ್ ವಿಚಾರಣೆಗೆ ಆಧಾರ ಸಿಕ್ಕಿತು.

ಎರಡನೆಯದು ಕಂಡೂ ಕಾಣದಂತಿರುವುದು. ಚೀನಾದ ಅಂತರ್ಯುದ್ಧದಲ್ಲಿ ಸೋತು ಬರ್ಮಾದ ಗಡಿಗೆ ಹಿಮ್ಮೆಟ್ಟಿದ ಕುಮಿಂಟಾಂಗ್ (ರಾಷ್ಟ್ರೀಯವಾದಿ ಪಕ್ಷ) ಪಡೆಗಳು ಅಫೀಮಿನ ಹಣದಿಂದ ಬದುಕಿದವು, ಅವುಗಳಿಗೆ ಸಿಐಎ ನೆರವಿತ್ತು. ನಿಕರಾಗುವಾದ ಕಾಂಟ್ರಾ ಬಂಡುಕೋರರ ಜಾಲದಲ್ಲಿ ಕೊಕೇನ್ ಸಾಗಣೆದಾರರಿದ್ದರೆಂಬುದನ್ನು ಜಾನ್ ಕೆರಿ ನೇತೃತ್ವದ ಸೆನೆಟ್ ಉಪಸಮಿತಿಯ 1989ರ ವರದಿ ಹೇಳಿತು. ಸಿಐಎ ಮಹಾನಿರೀಕ್ಷಕರ 1998ರ ವರದಿಯೂ ಅಂತಹ ಆರೋಪವಿದ್ದವರೊಂದಿಗೆ ಸಂಬಂಧ ಮುಂದುವರಿದದ್ದನ್ನು ಒಪ್ಪಿಕೊಂಡಿತು. ಅತ್ತ ‘ಮಾದಕ ವಸ್ತುಗಳ ಮೇಲೆ ಯುದ್ಧ’ ಸಾರಿದ್ದ ಸರ್ಕಾರವೇ ಇದು.

ಮೂರನೆಯದು, ಒಂದು ಸಮುದಾಯವನ್ನು ನಾಶಮಾಡಲೆಂದೇ ಸಂಸ್ಥೆ ಕೊಕೇನ್ ಹಂಚಿತು ಎಂಬ ಆರೋಪ. ಮೇಲಿನ ವರದಿಗಳು ಅದನ್ನು ಸಮರ್ಥಿಸುವುದಿಲ್ಲ. ಎರಡನೆಯದು ಸಾಬೀತಾಯಿತೆಂದು ಮೂರನೆಯದನ್ನೂ ಜೊತೆಗೆ ನುಂಗಿಬಿಡುವುದು ಇಂತಹ ಚರ್ಚೆಗಳ ಹಳೆಯ ಚಾಳಿ.

ಉತ್ತರ — ಹಳೆಯ ದಫ್ತರ

ನಿಧಾನ ಓದುಗರು ಹೇಳಿದ ಗಡುವಿಗೆ ಒಂದು ಸೇರ್ಪಡೆ. 1961ರ ಒಡಂಬಡಿಕೆಯಾಗಲಿ 1985ರ ಕಾಯ್ದೆಯಾಗಲಿ ಗಾಂಜಾದ ವ್ಯಾಖ್ಯೆಯಲ್ಲಿ ಹೂವಿನ ತುದಿಗಳನ್ನು ಸೇರಿಸಿ, ತುದಿಗಳಿಂದ ಬೇರ್ಪಟ್ಟ ಎಲೆ ಮತ್ತು ಬೀಜಗಳನ್ನು ಹೊರಗಿಟ್ಟಿವೆ. ಎಲೆಯಿಂದ ತಯಾರಿಸುವ ಭಂಗಿಯ ಮೇಲಿನ ಹತೋಟಿ ರಾಜ್ಯಗಳ ಕೈಯಲ್ಲೇ ಉಳಿದು, ಕೆಲವು ರಾಜ್ಯಗಳಲ್ಲಿ ಅದು ಪರವಾನಗಿ ಅಂಗಡಿಗಳಲ್ಲಿ ಮಾರಾಟವಾಗುತ್ತಿರುವುದು ಈ ವ್ಯಾಖ್ಯೆಯ ಬಲದಿಂದಲೇ. ಅಲ್ಲಿಯೂ ಶುಲ್ಕ ಹೋಗುವುದು ಅಬಕಾರಿ ಖಾತೆಗೆ.