ಬ್ಲೆಂಡಿಂಗ್ ಮೋಡ್ ಕಲಿಸೋಕೆ ಸ್ಯಾಂಪಲ್ ಚಿತ್ರ ಹೇಗಿರಬೇಕು?

ತುಮಕೂರು_ಡಿಟಿಪಿ: ತುಮಕೂರಲ್ಲಿ ಡಿಟಿಪಿ ಕ್ಲಾಸಿಗೆ ಫೋಟೋಶಾಪ್ ಬ್ಲೆಂಡಿಂಗ್ ಮೋಡ್‌ಗಳ (ಮೇಲಿನ ಲೇಯರ್ ಕೆಳಗಿನದರ ಜೊತೆ ಬೆರೆಯೋ ವಿಧಾನಗಳ) ಚಾರ್ಟ್ ಬೇಕಿದೆ. ದೇವರಾಯನದುರ್ಗದ ಫೋಟೋ ಮೇಲೆ ಟೆಕ್ಸ್ಚರ್ ಇಟ್ಟರೆ ಓವರ್‌ಲೇ, ಸಾಫ್ಟ್ ಲೈಟ್, ಹಾರ್ಡ್ ಲೈಟ್ ಮೂರೂ ಹೆಚ್ಚುಕಮ್ಮಿ ಒಂದೇ ಥರ ಕಾಣ್ತವೆ. ಯಾವ ಚಿತ್ರ ತಗೊಂಡ್ರೆ ವ್ಯತ್ಯಾಸ ಎದ್ದು ಕಾಣುತ್ತೆ?

ಬೂದುಪಟ್ಟಿ: ಫೋಟೋ ಆಮೇಲೆ ಸರ್. ಮೊದಲು 256×256 ಪಿಕ್ಸೆಲ್‌ನ 8 ಬಿಟ್ ಆರ್‌ಜಿಬಿ ಫೈಲ್ ತೆರೆಯಿರಿ. ಕೆಳಗಿನ ಲೇಯರಲ್ಲಿ ಎಡದಿಂದ ಬಲಕ್ಕೆ ಕಪ್ಪಿನಿಂದ ಬಿಳಿಗೆ ಮೆಲ್ಲಗೆ ಏರೋ ಗ್ರೇಡಿಯಂಟ್, ಮೇಲಿನದರಲ್ಲಿ ತಳದಿಂದ ತಲೆಗೆ ಅದೇ ಗ್ರೇಡಿಯಂಟ್. ಬೂದುಬಣ್ಣದ ಪ್ರತಿ ಜೋಡಿಯೂ ಎಲ್ಲೋ ಒಂದು ಕಡೆ ಸಂಧಿಸುತ್ತೆ.

ಈಗ ಓವರ್‌ಲೇ ಹಾಕಿ. ಬಂದ ಚೌಕವನ್ನ ಎಡಗಡೆ ತಳದ ಮೂಲೆಯಿಂದ ಬಲಗಡೆ ತಲೆಯ ಮೂಲೆಗೆ ಎಳೆದ ಗೆರೆಯಲ್ಲಿ ಮಗುಚಿದರೆ ಅದೇ ಹಾರ್ಡ್ ಲೈಟ್! ಸೂತ್ರ ಒಂದೇ, ಓವರ್‌ಲೇಯಲ್ಲಿ ಕತ್ತಲೋ ಬೆಳಕೋ ಅಂತ ತೀರ್ಮಾನಿಸೋದು ಕೆಳಗಿನ ಲೇಯರ್, ಹಾರ್ಡ್ ಲೈಟಲ್ಲಿ ಮೇಲಿನದು. ಹಾರ್ಡ್ ಲೈಟ್ ಚೌಕದ ಮೇಲಂಚು ಪೂರ್ತಿ ಬಿಳಿ. ಸಾಫ್ಟ್ ಲೈಟಲ್ಲಿ ಅಲ್ಲೂ ಗ್ರೇಡಿಯಂಟ್ ಉಳಿಯುತ್ತೆ. ಎರಡು ಲೇಯರಿನ ಸಂಖ್ಯೆಗಳನ್ನ ಗುಣಿಸೋ ಮಲ್ಟಿಪ್ಲೈ ಮಗುಚಿದರೂ ಬದಲಾಗಲ್ಲ.

ಗ್ರೇಡಿಯಂಟ್ ಮೆಥಡ್ ಕ್ಲಾಸಿಕ್, ಸ್ಮೂತ್‌ನೆಸ್ 0, ಡಿದರ್ (ಚುಕ್ಕಿ ಬೆರೆಸಿ ನಯ ಮಾಡೋದು) ಆಫ್ ಇರಲಿ. ಸ್ಮೂತ್‌ನೆಸ್ 100ರಲ್ಲಿ ಬಿಟ್ಟರೆ ಏರಿಕೆ ನೇರವಾಗಿರಲ್ಲ, ಲೆಕ್ಕ ತಪ್ಪುತ್ತೆ. ದೊಡ್ಡದು ಮಾಡುವಾಗ ನಿಯರೆಸ್ಟ್ ನೇಬರ್ (ಹೊಸ ಬಣ್ಣ ಹುಟ್ಟಿಸದೆ ಇದ್ದ ಪಿಕ್ಸೆಲನ್ನೇ ನಕಲು ಮಾಡೋದು), ಉಳಿಸೋದು ಪಿಎನ್‌ಜಿ.

ಹೊಸಬರಿಗೆ 0 (ಕಪ್ಪು), 64, 128, 192, 255 (ಬಿಳಿ) ಈ ಐದು ಮಟ್ಟಗಳ 5×5 = 25 ಮನೆ ಸಾಕು, ಒಳಗೆ ಸಂಖ್ಯೆ ಬರೀರಿ: ಮಲ್ಟಿಪ್ಲೈಯಲ್ಲಿ 128×128÷255 = 64, ಎರಡನ್ನೂ 255ರಿಂದ ಕಳೆದು ಗುಣಿಸೋ ಸ್ಕ್ರೀನಲ್ಲಿ 255 − 127×127÷255 = 192.

ಕೋಲಾರ_ಲೇಯರ್: ಬೂದುಚೌಕದಲ್ಲಿ ಹ್ಯೂ, ಸ್ಯಾಚುರೇಷನ್, ಕಲರ್ ಮೋಡ್ ತೋರಿಸೋಕಾಗಲ್ಲ, ಬೂದಿಗೆ ವರ್ಣವೇ ಇಲ್ಲವಲ್ಲ. ಅಲ್ಲಿಗೆ ನಮ್ಮ ಮಂಡಿಯ ಟೊಮ್ಯಾಟೊ ಫೋಟೋ ಒಳ್ಳೇದು: ಕೆಂಪು ಹಣ್ಣು, ಹಸಿರು ತೊಟ್ಟು. ಅದರ ಮೇಲೆ 0, 255, 255 (ಕೆಂಪು 0, ಹಸಿರು 255, ನೀಲಿ 255) ಬಣ್ಣ ಮಲ್ಟಿಪ್ಲೈ ಮಾಡಿ. ಕೆಂಪು ಚಾನೆಲ್ ಸೊನ್ನೆಯಾಗಿ ಹಣ್ಣು ಕಪ್ಪಗಾಗುತ್ತೆ, ತೊಟ್ಟು ಹಸಿರಾಗೇ ಇರುತ್ತೆ. ಲೆಕ್ಕ ಚಾನೆಲ್‌ವಾರು (ಕೆಂಪು, ಹಸಿರು, ನೀಲಿ ಬೇರೆಬೇರೆಯಾಗಿ) ನಡೆಯುತ್ತೆ ಅನ್ನೋದಕ್ಕೆ ಬೇರೆ ವಿವರಣೆ ಬೇಡ.

ಒಂದೇ ಫೈಲಲ್ಲಿ ಹಲವು ಸ್ಯಾಂಪಲ್ ಇಟ್ಟರೆ ಪ್ರತಿ ಗ್ರೂಪನ್ನೂ ಪಾಸ್ ಥ್ರೂ ತೆಗೆದು ನಾರ್ಮಲ್ ಮಾಡಿ. ಇಲ್ಲದಿದ್ರೆ ಹಿನ್ನೆಲೆಯ ಬಣ್ಣವೂ ಬೆರೆಯುತ್ತೆ.

ತುಮಕೂರು_ಡಿಟಿಪಿ: ಲ್ಯಾಬಿನ ಒಂದು ಮಷೀನಲ್ಲಿ ಸ್ಕ್ರೀನ್ ಮೋಡ್ 192ರ ಬದಲು 167 ತೋರಿಸ್ತಿದೆ?

ಬೂದುಪಟ್ಟಿ: ಕಲರ್ ಸೆಟ್ಟಿಂಗ್ಸಲ್ಲಿ 'ಬ್ಲೆಂಡ್ ಆರ್‌ಜಿಬಿ ಕಲರ್ಸ್ ಯೂಸಿಂಗ್ ಗಾಮಾ 1.00' ಟಿಕ್ ಆಗಿರುತ್ತೆ, ಆಗ ಲೆಕ್ಕ ಬೇರೆ ಅಳತೆಯಲ್ಲಿ ನಡೆಯುತ್ತೆ, ತೆಗೀರಿ. ಫೋಟೋಶಾಪ್ ಬದಲು ಉಚಿತ ಸಾಫ್ಟ್‌ವೇರ್ ಜಿಂಪ್ 2.10 ಆದರೆ ಆ ಲೇಯರಿನ ಬ್ಲೆಂಡ್ ಸ್ಪೇಸ್ ಪರ್ಸೆಪ್ಚುವಲ್‌ಗೆ ತನ್ನಿ.