ಅಮ್ಮ ಶಾರ್ಜಾಕ್ಕೆ ಬರ್ತಿದ್ದಾರೆ, ಕನ್ನಡ ಟಿವಿಗೆ ಎಂತ ವ್ಯವಸ್ಥೆ ಮಾಡ್ಲಿ?

ಕೇಳ್ತಿರುವುದು: ಕಾಸರಗೋಡಿನ ಪೆರ್ಲದವ, ಈಗ ಶಾರ್ಜಾ

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ಅಮ್ಮ ಊರಿಂದ ಬರ್ತಿದ್ದಾರೆ, ವಿಸಿಟ್ ವೀಸಾದಲ್ಲಿ ಸ್ವಲ್ಪ ಸಮಯ ನಮ್ಮೊಟ್ಟಿಗೆ ಇರ್ತಾರೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮಗಳಿಗೆ ಸ್ಕೂಲು, ಅಷ್ಟು ಹೊತ್ತು ಅಮ್ಮ ಫ್ಲ್ಯಾಟಿನೊಳಗೆ ಒಬ್ಬರೇ. ಊರಲ್ಲಾದ್ರೆ ತೋಟ ಉಂಟು, ದನ ಉಂಟು, ಸಂಜೆ ಕೈಕಾಲು ತೊಳೆದು ಬಂದು ಕೂತ್ರೆ ಎರಡು ಸೀರಿಯಲ್, ಆಮೇಲೆ ಚಂದನದಲ್ಲಿ ಥಟ್ ಅಂತ ಹೇಳಿ, ಎಲ್ಲಿಯಾದ್ರೂ ಯಕ್ಷಗಾನ ಬಂದ್ರೆ ಊಟವೂ ಅದರ ಮುಂದೆಯೇ. ಮಲಯಾಳಂ ಅರ್ಥ ಆಗ್ತದೆ, ಆದ್ರೆ ಕೂತು ನೋಡುವ ಮನಸ್ಸಿಲ್ಲ. ಊರಲ್ಲಿ ನಾವು ರೀಚಾರ್ಜ್ ಮಾಡಿದ ಆ್ಯಪ್ ಇಲ್ಲಿ ಓಪನ್ ಮಾಡಿದ್ರೆ ನಿಮ್ಮ ಪ್ರದೇಶದಲ್ಲಿ ಲಭ್ಯವಿಲ್ಲ ಅಂತ ಬರ್ತದೆ. ಇಲ್ಲಿ ಬಿಲ್ಡಿಂಗಿನಲ್ಲಿ ಒಬ್ಬರು ಒಂದು ಬಾಕ್ಸ್ ಕೊಡ್ತೇನೆ, ವರ್ಷಕ್ಕೆ ಒಮ್ಮೆ ದುಡ್ಡು ಕೊಟ್ರೆ ಸಾಕು, ಎಲ್ಲ ಭಾಷೆಯ ಚಾನೆಲ್ ಬರ್ತದೆ ಅಂತ ಹೇಳ್ತಿದ್ದಾರೆ. ತೆಗೊಳ್ಳಬಹುದಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಉತ್ತರ: ಬದಿಯಡ್ಕ, ಈಗ ಅಬುಧಾಬಿ

ಅಣ್ಣ, ಮೊದಲು ಆ ಬಾಕ್ಸಿನ ವಿಷಯ ಹೇಳ್ತೇನೆ. ಬೇಡ. ನಮ್ಮ ಪಕ್ಕದ ಫ್ಲ್ಯಾಟಿನವರು ತೆಗೊಂಡಿದ್ರು, ಶುರುವಿಗೆ ನೂರಾರು ಚಾನೆಲ್ ಬಂತು, ಆಮೇಲೆ ಒಂದು ದಿನ ಸ್ಕ್ರೀನ್ ಕಪ್ಪು, ಮಾರಿದವನ ನಂಬರ್ ಸ್ವಿಚ್ ಆಫ್. ದುಡ್ಡು ಹೋದದ್ದು ಒಂದು, ಅದು ಚಾನೆಲ್‌ನವರ ಅನುಮತಿ ಇಲ್ಲದ ಕಳ್ಳ ಪ್ರಸಾರ, ಕಾನೂನಿಗೆ ವಿರುದ್ಧ. ವಿಸಿಟ್ ವೀಸಾದಲ್ಲಿ ಬಂದ ಅಮ್ಮನ ಎದುರು ಅಂಥ ತಲೆನೋವು ಯಾಕೆ ಬೇಕು?

ನೀವು ಮಾಡಬೇಕಾದ್ದು, ಅಮ್ಮ ಯಾವ ಸೀರಿಯಲ್ ನೋಡ್ತಾರೆ ಅಂತ ಈಗಲೇ ಫೋನ್ ಮಾಡಿ ಕೇಳಿ, ಅದು ಯಾವ ಚಾನೆಲ್ಲಿನದ್ದು ಅಂತ ಬರ್ಕೊಳ್ಳಿ. ಆ್ಯಪ್ ಮೊದಲು ತೆಗೊಂಡು ಆಮೇಲೆ ಸೀರಿಯಲ್ ಹುಡುಕಿದ್ರೆ ದುಡ್ಡು ದಂಡ. ಜೀ ಕನ್ನಡದ್ದಾದ್ರೆ ಜೀ5, ಉದಯದ್ದಾದ್ರೆ ಸನ್ ನೆಕ್ಸ್ಟ್. ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಎರಡೂ 2025ರ ಫೆಬ್ರವರಿಯಿಂದ ಊರಲ್ಲಿ ಜಿಯೋಹಾಟ್‌ಸ್ಟಾರ್ ಒಂದರಲ್ಲೇ ಸಿಗ್ತದೆ, ಆದ್ರೆ ಅದು ಎಲ್ಲ ದೇಶದಲ್ಲೂ ನಡೆಯುವ ಆ್ಯಪ್ ಅಲ್ಲ. ಊರಿನ ರೀಚಾರ್ಜ್ ಇಲ್ಲಿ ಯಾಕೆ ಓಡುವುದಿಲ್ಲ ಅಂದ್ರೆ, ಪ್ರಸಾರದ ಹಕ್ಕು ದೇಶ ದೇಶಕ್ಕೆ ಬೇರೆ ಬೇರೆಯಾಗಿ ಮಾರಾಟ ಆಗಿರ್ತದೆ, ನಿಮ್ಮ ಇಂಟರ್ನೆಟ್ಟಿನ ಐಪಿ ವಿಳಾಸ ನೋಡಿ ಆ್ಯಪಿಗೆ ನೀವು ಯಾವ ದೇಶದಲ್ಲಿದ್ದೀರಿ ಅಂತ ಗೊತ್ತಾಗ್ತದೆ. ಹಾಗಾಗಿ ಇಲ್ಲಿಯದ್ದೇ ಪ್ಲಾನ್ ತೆಗೊಳ್ಬೇಕು, ಇಲ್ಲಿಯ ಕಾರ್ಡಿನಿಂದಲೇ ಪೇ ಮಾಡ್ಬಹುದು. ವರ್ಷದ ಪ್ಲಾನ್ ಬೇಡ, ತಿಂಗಳದ್ದು ತೆಗೊಳ್ಳಿ, ಅಮ್ಮ ವಾಪಸ್ ಹೋದ ದಿನ ಆಟೋ ರಿನ್ಯೂವಲ್ ಆಫ್ ಮಾಡಿ.

ಮನೆಯ ಇಂಟರ್ನೆಟ್ ಕನೆಕ್ಷನ್ ಜೊತೆ ಟಿವಿ ಬಾಕ್ಸ್ ಇದ್ರೆ ಅವರಿಗೂ ಒಂದು ಕಾಲ್ ಮಾಡಿ. ಭಾರತೀಯ ಪ್ಯಾಕ್ ಅಂತ ಇರ್ತದೆ, ಅದರಲ್ಲಿ ಕನ್ನಡದ್ದು ಯಾವುದುಂಟು ಅಂತ ಚಾನೆಲ್ ಹೆಸರು ಹಿಡಿದೇ ಕೇಳಿ, ಸುಮ್ಮನೆ ಸೌತ್ ಇಂಡಿಯನ್ ಅಂದ್ರೆ ಮಲಯಾಳಂ ತಮಿಳು ತುಂಬಿಸಿ ಕೊಡ್ತಾರೆ. ನಮಗೆ ಇದು ಹೊಸತಲ್ಲ, ಕಾಸರಗೋಡಿನಲ್ಲಿಯೇ ಕೇಬಲ್‌ನವರ ಹತ್ರ ಕನ್ನಡ ಚಾನೆಲ್ ಬೇಕು ಅಂತ ಬೇರೆ ಹೇಳಿ ಹಾಕಿಸ್ಕೊಂಡವರು ನಾವು. 1956ರಲ್ಲಿ ನಮ್ಮ ಊರು ಕೇರಳಕ್ಕೆ ಸೇರಿದಾಗಿಂದ ಕೇಳಿ ಪಡ್ಕೊಳ್ಳುವುದೇ ಅಭ್ಯಾಸ ಆಗಿಬಿಟ್ಟಿದೆ, ಇಲ್ಲಿಯೂ ಕೇಳಿ.

ಉತ್ತರ: ಮುಳ್ಳೇರಿಯ, ಈಗ ನ್ಯೂಜೆರ್ಸಿ

ನಮ್ಮ ಅತ್ತೆ ಬಂದಾಗ ನಾನು ಕಂಡದ್ದು ಹೇಳ್ತೇನೆ. ದುಡ್ಡು ಕೊಡದೆ ಸಿಗುವುದನ್ನು ಮೊದಲು ಜೋಡಿಸಿ. ಯೂಟ್ಯೂಬಲ್ಲಿ ಟಿವಿ9 ಕನ್ನಡ, ಪಬ್ಲಿಕ್ ಟಿವಿ ಎಲ್ಲ ಲೈವ್ ಬರ್ತದೆ, ಚಂದನದವರದ್ದೂ ಚಾನೆಲ್ ಉಂಟು. ಥಟ್ ಅಂತ ಹೇಳಿ 2002ರಿಂದ ನಡೀತಿರುವ ಕಾರ್ಯಕ್ರಮ, ಹಳೇ ಕಂತುಗಳು ರಾಶಿ ರಾಶಿ ಅದರಲ್ಲಿ ಸಿಗ್ತದೆ. ನಾ. ಸೋಮೇಶ್ವರರು ಪ್ರಶ್ನೆ ಕೇಳಿದ ಕೂಡಲೇ ಅತ್ತೆ ಇಲ್ಲಿಂದ ಉತ್ತರ ಹೇಳುವುದು, ನನ್ನ ಮಗ ಅವರಿಗಿಂತ ಮೊದಲು ಹೇಳ್ಬೇಕು ಅಂತ ಕಾಯುವುದು, ಹೀಗೆ ಒಂದೊಂದು ಪದ ಅವನ ಬಾಯಿಗೆ ಬಂತು. ನಾನು ಕನ್ನಡ ಕಲಿ ಕಲಿ ಅಂತ ಎಷ್ಟು ಹೇಳಿದ್ರೂ ಆಗದ್ದು ಅದರಲ್ಲಿ ಆಯ್ತು. ನಿಮ್ಮ ಮಗಳನ್ನೂ ಅಜ್ಜಿಯ ಒಟ್ಟಿಗೆ ಕೂರಿಸಿ, ಹೋಮ್‌ವರ್ಕ್ ಅರ್ಧ ಗಂಟೆ ಆಚೀಚೆ ಆದ್ರೂ ಪರವಾಗಿಲ್ಲ.

ಇನ್ನೊಂದು, ಟಿವಿ ಒಂದೇ ಅಲ್ಲ, ಆಕಾಶವಾಣಿ ಮರೀಬೇಡಿ. ನ್ಯೂಸ್ ಆನ್ ಏರ್ ಅಂತ ಪ್ರಸಾರ ಭಾರತಿಯ ಆ್ಯಪ್, ಅದರಲ್ಲಿ ಮಂಗಳೂರು ಆಕಾಶವಾಣಿ ಹಾಕಿ ಅಡುಗೆ ಕೋಣೆಯಲ್ಲಿ ಇಟ್ಟುಬಿಡಿ. ನಮ್ಮ ಕಡೆ ಹಿರಿಯರಿಗೆ ಬೆಳಗ್ಗೆ ಅಂದ್ರೆ ಆ ಸ್ಟೇಷನ್ನಿನ ಧ್ವನಿ. ಒಬ್ಬರೇ ಇರುವಾಗ ಸ್ಕ್ರೀನ್ ನೋಡ್ತಾ ಕೂರುವುದಕ್ಕಿಂತ ಮನೆಯಲ್ಲಿ ಯಾರೋ ಕನ್ನಡ ಮಾತಾಡ್ತಾ ಇದ್ದಾರೆ ಅನ್ನುವುದೇ ದೊಡ್ಡ ಧೈರ್ಯ.

ಅಮೇರಿಕದಲ್ಲಿ ಇರುವವರಿಗೆ: ಇಲ್ಲಿ ಸ್ಲಿಂಗ್ ಅನ್ನುವ ಇಂಟರ್ನೆಟ್ ಟಿವಿಯಲ್ಲಿ ಕನ್ನಡದ್ದೇ ಪ್ಯಾಕ್ ಉಂಟು, ಯಪ್ ಟಿವಿಯೂ ಉಂಟು. ಊರಲ್ಲಿ ರಾತ್ರಿ 8ರ ಸೀರಿಯಲ್ ನಮಗೆ ಬೇಸಿಗೆಯಲ್ಲಿ ಬೆಳಗ್ಗೆ 10.30, ಚಳಿಗಾಲದಲ್ಲಿ 9.30.

ಪುನಃ ಕೇಳ್ತಿರುವುದು: ಪೆರ್ಲದವ, ಶಾರ್ಜಾ

ತುಂಬ ಉಪಕಾರ ಆಯ್ತು. ಆ ಬಾಕ್ಸ್ ಬೇಡ ಅಂತ ಈಗಲೇ ಹೇಳಿಬಿಡ್ತೇನೆ. ಇನ್ನೊಂದು ಸಂಶಯ, ಕೆಲವರು ವಿಪಿಎನ್, ಅಂದ್ರೆ ನಾವು ಬೇರೆ ದೇಶದಲ್ಲಿದ್ದ ಹಾಗೆ ತೋರಿಸುವ ಆ್ಯಪ್, ಹಾಕಿದ್ರೆ ಊರಿನ ಆ್ಯಪ್ ಹಾಗೇ ಓಡ್ತದೆ ಅಂತಾರೆ. ಅದು ಸರಿಯಾ?

ಉತ್ತರ: ಬದಿಯಡ್ಕ, ಅಬುಧಾಬಿ

ಕೆಲವೊಮ್ಮೆ ಓಡ್ತದೆ, ಕೆಲವೊಮ್ಮೆ ಆ್ಯಪಿನವರೇ ಹಿಡಿದು ಬ್ಲಾಕ್ ಮಾಡ್ತಾರೆ, ಆದ್ರೆ ಯುಎಇಯಲ್ಲಿ ಇದ್ದು ಅದಕ್ಕೆ ಕೈ ಹಾಕ್ಬೇಡಿ. ಇಲ್ಲಿ ಸೈಬರ್ ಅಪರಾಧದ ಕಾನೂನು ಉಂಟು, 2021ರ 34ನೇ ಡಿಕ್ರಿ. ಆಫೀಸ್ ಕೆಲಸಕ್ಕೆ ಕಂಪೆನಿಯ ವಿಪಿಎನ್ ಬಳಸುವುದು ಬೇರೆ, ಅದು ತಪ್ಪಲ್ಲ. ಐಪಿ ವಿಳಾಸ ಮರೆಮಾಚಿ ಅಪರಾಧ ಮಾಡಿದ್ರೆ ಅಥವಾ ಅದನ್ನು ಮುಚ್ಚಿಟ್ರೆ ಜೈಲು, ದಂಡ 5 ಲಕ್ಷ ದಿರ್ಹಮ್‌ನಿಂದ 20 ಲಕ್ಷದವರೆಗೆ. ಹಕ್ಕಿಲ್ಲದ ಕಾರ್ಯಕ್ರಮ ನೋಡ್ಲಿಕ್ಕೆ ವಿಪಿಎನ್ ಹಾಕಿದ್ರೆ ಅದು ಯಾವ ಲೆಕ್ಕಕ್ಕೆ ಹೋಗ್ತದೆ ಅಂತ ಪರೀಕ್ಷೆ ಮಾಡಿ ನೋಡುವ ಜಾಗ ಇದಲ್ಲ. ಒಂದು ಸೀರಿಯಲ್ಲಿಗಾಗಿ ಅನ್ನ ಕೊಡುವ ಕೆಲಸವನ್ನು ಪಣಕ್ಕಿಡುವುದಾ ಅಣ್ಣ?

ಉತ್ತರ: ಅಕ್ಕಲಕೋಟ, ಸೋಲಾಪುರ ಜಿಲ್ಲಾ, ಈಗ ಇಂಗ್ಲೆಂಡ್

ನಮಸ್ಕಾರ್ರಿ. ನಾವು ಮಹಾರಾಷ್ಟ್ರದ ಗಡಿಯವರು, ಮನ್ಯಾಗ ಕನ್ನಡ, ಸಾಲ್ಯಾಗ ಮರಾಠಿ, ನಿಮ್ಮ ಕಾಸರಗೋಡಿನವ್ರ ಕಷ್ಟ ನಮಗ ಬಿಡಿಸಿ ಹೇಳೂದು ಬ್ಯಾಡ. ನಮ್ಮವ್ವ ಹೋದ ವರ್ಷ ಇಲ್ಲಿ ಬಂದಿದ್ಲು. ಇಂಗ್ಲೆಂಡಿನ್ಯಾಗ ಇರೂ ಮಂದಿಗೆ ಒಂದು ಮಾತು ಹೇಳ್ಬೇಕ್ರಿ, ಬಾಳ ಮಂದಿಗೆ ಗೊತ್ತಿಲ್ಲ. ಇಲ್ಲಿ ಟಿವಿ ಲೈಸನ್ಸ್ ಅಂತ ಒಂದದ. ಅದು ಬಿಬಿಸಿ ನೋಡಾಕಷ್ಟ ಅಂತ ತಿಳ್ಕೊಂಡಿರ್ತಾರ, ಹಂಗಲ್ಲ. ಯಾವ ದೇಶದ ಚಾನೆಲ್ ಇರ್ಲಿ, ಟಿವಿ ಇರ್ಲಿ ಮೊಬೈಲ್ ಇರ್ಲಿ, ಚಾನೆಲ್‌ನ್ಯಾಗ ಬರೂ ಹೊತ್ತಿಗೇ ಲೈವ್ ನೋಡಿದ್ರ ಲೈಸನ್ಸ್ ಬೇಕು, ಇಲ್ಲಂದ್ರ ದಂಡ 1000 ಪೌಂಡ್ ತನಕ ಹಾಕಬಹುದು. ಮುಗಿದ ಮ್ಯಾಲೆ ಆ್ಯಪಿನ್ಯಾಗ ಹಿಂದಿನ ಎಪಿಸೋಡ್ ನೋಡಿದ್ರ ಬೇಕಾಗಿಲ್ಲ, ಬಿಬಿಸಿಯ ಐಪ್ಲೇಯರ್ ಮಾತ್ರ ಬ್ಯಾರೆ, ಅದಕ್ಕ ಹ್ಯಾಂಗ ನೋಡಿದ್ರೂ ಬೇಕು. ಊರಾಗ ರಾತ್ರಿ 8 ಅಂದ್ರ ಇಲ್ಲಿ ಮಧ್ಯಾಹ್ನ 2.30, ಬ್ಯಾಸಗ್ಯಾಗ 3.30, ನಾವಂತೂ ಕೆಲಸದಾಗ ಇರ್ತೀವಿ. ಹಿಂಗಾಗಿ ಅವ್ವಗ ನಿನ್ನಿ ಎಪಿಸೋಡು ಇವತ್ತ ನೋಡೂ ರೂಢಿ ಮಾಡಿಸಿದ್ವಿ, ರಾತ್ರಿ ಊಟ ಆದ ಮ್ಯಾಲೆ ಎಲ್ಲಾರೂ ಕೂಡಿ ನೋಡ್ತಿದ್ವಿ, ಬಾಳ ಚಲೋ ಆತು.

ಉತ್ತರ: ಕುಂಬಳೆ, ಊರಲ್ಲೇ ಇರುವವ

ಯಕ್ಷಗಾನದ್ದು ಯಾರೂ ಹೇಳ್ಲಿಲ್ಲ, ನಾನು ಹೇಳ್ತೇನೆ. ಯಕ್ಷಗಾನದ ಪ್ರಸಂಗ ಬರೆದ ಪಾರ್ತಿಸುಬ್ಬನ ಊರಿನವರು ನಾವು, ಈ ವಿಷಯ ಬಿಟ್ರೆ ಆಗ್ತದಾ. ಮೇಳಗಳು, ಅಂದ್ರೆ ಯಕ್ಷಗಾನದ ತಂಡಗಳು, ದೀಪಾವಳಿ ಆದ ಮೇಲೆ ತಿರುಗಾಟಕ್ಕೆ ಹೊರಟು ಪತ್ತನಾಜೆಗೆ, ಅಂದ್ರೆ ಮೇ ತಿಂಗಳ ಕೊನೆಯ ವಾರಕ್ಕೆ, ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸ್ತಾರೆ. ನಿಮ್ಮ ಅಮ್ಮ ಆ ಸಮಯದಲ್ಲಿ ಅಲ್ಲಿದ್ರೆ ಹೆಚ್ಚಿನ ರಾತ್ರಿ ಎಲ್ಲಿಯಾದ್ರೂ ಒಂದು ಯಕ್ಷಗಾನದ ಆಟ ಲೈವ್ ಸಿಗ್ತದೆ, ಆಡಿಸುವ ಮನೆಯವರೇ ಈಗ ಕ್ಯಾಮೆರಾದವರನ್ನು ಕರೆಸಿ ಯೂಟ್ಯೂಬಿಗೆ ಬಿಡ್ತಾರೆ, ಗಲ್ಫಿನಲ್ಲಿರುವ ಮಕ್ಕಳಿಗೆ ಕಾಣಬೇಕು ಅಂತಲೇ. ಯುಎಇ ನಮಗಿಂತ ಒಂದೂವರೆ ಗಂಟೆ ಹಿಂದೆ, ಕತಾರ್ ಕುವೈತ್ ಸೌದಿ ಎರಡೂವರೆ ಗಂಟೆ. ಇಲ್ಲಿ ಸಂಜೆ 6ಕ್ಕೆ ಶುರುವಾಗುವ ಕಾಲಮಿತಿಯ ಆಟ ನಿಮ್ಮಲ್ಲಿ 4.30, ನೀವು ಕೆಲಸದಿಂದ ಬರುವಾಗ ಅಮ್ಮ ಅರ್ಧ ಪ್ರಸಂಗ ನೋಡಿ ಆಗಿರ್ತದೆ. ರಾತ್ರಿ ಇಡೀ ಆಟ ಆದ್ರೆ ಇಲ್ಲಿ 10 ಅಂದ್ರೆ ನಿಮಗೆ 8.30, ಪೂರ್ವರಂಗವಾದ್ರೂ ನೋಡಿ ಮಲಗಬಹುದು.

ಆದ್ರೆ ಇದರ ಲಿಂಕ್ ಹುಡುಕಿದ್ರೆ ಸಿಗುವುದಿಲ್ಲ, ಸೇವೆಯಾಟದ ಹೆಸರಲ್ಲಿ ಯಾರೋ ಒಬ್ಬರ ಚಾನೆಲ್ಲಿಗೆ ಹಾಕಿರ್ತಾರೆ. ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಇರಿ, ಆಮಂತ್ರಣ ಪತ್ರಿಕೆಯೊಟ್ಟಿಗೇ ಲಿಂಕ್ ಬರ್ತದೆ. ಕೆಲವು ಮೇಳದವರು ಲೈವಿಗೆ ಒಪ್ಪುವುದಿಲ್ಲ, ಆಗ ಒತ್ತಾಯ ಮಾಡ್ಬೇಡಿ, ಕಲಾವಿದರ ದುಡಿಮೆ ಅದು. ಭೂತದ ಕೋಲವನ್ನು ಮಾತ್ರ ಮೊಬೈಲಲ್ಲಿ ಹಿಡಿದು ಕಳಿಸಿ ಅಂತ ಯಾರ ಹತ್ರವೂ ಕೇಳ್ಬೇಡಿ, ಅದು ಟಿವಿಯ ವಿಷಯ ಅಲ್ಲ, ಊರಿಗೆ ಬಂದು ಕೈಮುಗಿದು ನಿಲ್ಲುವಂಥದ್ದು.

ಉತ್ತರ: ಮಂಜೇಶ್ವರ, ಈಗ ಮಸ್ಕತ್

ಎಲ್ಲ ಹೇಳಿದ್ದೀರಿ, ನನ್ನದು ಬರೀ ಕೈಕೆಲಸದ ಮಾತು. ಅಪ್ಪ ಅಮ್ಮನ ಊರಿನ ಸಿಮ್ ಹೊರಡುವ ಮೊದಲೇ ಅಲ್ಲಿಯೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ವ್ಯಾಲಿಡಿಟಿ ಇರುವ ರೀಚಾರ್ಜ್ ಹಾಕಿಸಿ. ಯಾವ ಆ್ಯಪಿಗೆ ಹೋದ್ರೂ ಬ್ಯಾಂಕಿಗೆ ಹೋದ್ರೂ ಒಟಿಪಿ ಆ ನಂಬರಿಗೇ ಬರುವುದು, ಇಲ್ಲಿ ಬಂದ ಮೇಲೆ ಹಾಕಿಸುವುದು ಮಹಾ ರಗಳೆ. ಡೇಟಾ ರೋಮಿಂಗ್ ಮಾತ್ರ ಆಫ್ ಇರ್ಲಿ.

ಟಿವಿಗೆ ಹಾಕುವ ಸ್ಟಿಕ್ ಊರಿಂದ ತರಿಸಿದ್ರೆ ಅದರಲ್ಲಿ ಯಾವ ಆ್ಯಪ್ ಕಾಣ್ತದೆ ಅನ್ನುವುದು ಅಕೌಂಟ್ ಯಾವ ದೇಶದ್ದು ಅನ್ನುವುದರ ಮೇಲೆ. ಗೂಗಲ್ ಪ್ಲೇ ದೇಶ ವರ್ಷಕ್ಕೆ ಒಮ್ಮೆ ಮಾತ್ರ ಬದಲಾಯಿಸ್ಲಿಕ್ಕೆ ಆಗುವುದು, ಹಾಗಾಗಿ ಒಂದು ಆ್ಯಪಿಗೋಸ್ಕರ ನಿಮ್ಮ ಮುಖ್ಯ ಅಕೌಂಟನ್ನು ಮುಟ್ಟಬೇಡಿ. ನಿಮ್ಮ ಫೋನಿಂದ ಟಿವಿಗೆ ಕಾಸ್ಟ್ ಮಾಡುವ ಉಪಾಯ ಹಿರಿಯರಿಗೆ ಆಗುವುದಿಲ್ಲ, ಯಾಕೆ ಅಂದ್ರೆ ನೀವು ಕೆಲಸಕ್ಕೆ ಹೋಗುವಾಗ ಆ ಫೋನ್ ನಿಮ್ಮ ಕಿಸೆಯಲ್ಲಿ ಹೋಗ್ತದೆ. ಟಿವಿಯಲ್ಲಿಯೇ ಆ್ಯಪ್ ಹಾಕಿ ಲಾಗಿನ್ ಮಾಡಿ ಇಡಿ. ಯೂಟ್ಯೂಬಿಗೆ ಅಮ್ಮನ ಹೆಸರಲ್ಲಿ ಬೇರೆಯೇ ಅಕೌಂಟ್ ಮಾಡಿ, ಮಗಳ ಕಾರ್ಟೂನೂ ನಿಮ್ಮ ಕ್ರಿಕೆಟ್ಟೂ ಅದಕ್ಕೆ ಸೇರದಿದ್ರೆ ಓಪನ್ ಮಾಡಿದ ಕೂಡಲೇ ಕನ್ನಡದ್ದೇ ಎದುರು ಬಂದು ನಿಲ್ತದೆ, ಟೈಪ್ ಮಾಡಿ ಹುಡುಕುವ ಕೆಲಸ ಇಲ್ಲ. ರಿಮೋಟಿನ ಮೈಕ್ ಬಟನ್ ಒತ್ತಿ ಕನ್ನಡದಲ್ಲಿ ಯಕ್ಷಗಾನ ಅಂತ ಹೇಳಿದ್ರೂ ಹುಡುಕ್ತದೆ, ಅದನ್ನು ಮೊದಲನೇ ದಿನವೇ ಪಕ್ಕದಲ್ಲಿ ಕೂತು ಕಲಿಸಿ, ಗಡಿಬಿಡಿ ಮಾಡ್ಬೇಡಿ, ಒಂದು ರಜೆಯ ದಿನ ಅದಕ್ಕೇ ಇಟ್ಕೊಳ್ಳಿ.

ಮತ್ತೆ ಅಮ್ಮ ಬಂದ ಮೇಲೆ ಯಾವ ಪ್ಲಾನ್ ತೆಗೊಂಡ್ರಿ, ಯಾವುದು ಸರಿಯಾಗಿ ಬಂತು, ಎಷ್ಟು ದಿರ್ಹಮ್ ಆಯ್ತು ಅಂತ ಇಲ್ಲಿಯೇ ಬರೀರಿ. ನನ್ನ ಅತ್ತೆ ಮಾವ ಡಿಸೆಂಬರಿಗೆ ಬರುವವರಿದ್ದಾರೆ, ನನಗೂ ಬೇಕಾಗ್ತದೆ.